ಸವೆದ ಗುಳಿಗಳು

(ದತ್ತಿ ಉಪನ್ಯಾಸದ ಪಠ್ಯ)



ಜಲವರ್ಣದ ಮೇಲೆ ಮಾತಾಡಿ ಎಂದು ಕರೆದಾಗ ಸಂಘಟಕರ ಮನಸ್ಸಿನಲ್ಲಿ ಇದ್ದದ್ದು ಚಿತ್ರಗಳು. ಪರದೆ ಕಟ್ಟಿಸಿ ಪ್ರೊಜೆಕ್ಟರನ್ನೂ ತರಿಸಿದ್ದಾರೆ. ನಾನು ಕೇಳಿದ್ದು ಒಂದು ಉದ್ದನೆಯ ಮೇಜು. ಅದರ ಮೇಲೆ ಹರವಿರುವುದೆಲ್ಲ ಬಣ್ಣದ ಡಬ್ಬಿಗಳು, ಪ್ಯಾಲೆಟ್‌ಗಳು: ತಗಡಿನವು, ಪಿಂಗಾಣಿಯವು, ಎನಾಮೆಲ್ ತಟ್ಟೆಗಳು, ಮೂಲೆ ಮುರಿದ ಪ್ಲಾಸ್ಟಿಕ್ಕಿನವು. ಗುಜರಿ ಅಂಗಡಿಗಳಿಂದ, ಹಳೇ ಪುಸ್ತಕ ಮಾರುವವರಿಂದ, ಡ್ರಾಯಿಂಗ್ ಮೇಷ್ಟ್ರುಗಳ ಮನೆಯ ಅಟ್ಟಗಳಿಂದ ಬಂದವು. ಹೊಸ ಡಬ್ಬಿಯ ಆಸೆ ನನಗಿಲ್ಲ. ಯಾರೋ ಬಳಸಿ, ತೊಳೆಯದೆ ಮುಚ್ಚಿಟ್ಟ ಡಬ್ಬಿ ಸಿಕ್ಕರೆ ಮಾತ್ರ ಚೌಕಾಸಿಗೆ ನಿಲ್ಲುತ್ತೇನೆ.

ಯಾಕೆ ಅಂತ ಈ ಒಂದನ್ನು ತೆರೆದು ತೋರಿಸುತ್ತೇನೆ. ಹೊರಗೆ ಕಪ್ಪು, ಒಳಗೆ ಬಿಳಿ ಎನಾಮೆಲ್ ಬಳಿದ ತಗಡು. ಕೀಲಿನ ಹತ್ತಿರ ತುಕ್ಕು. ಹನ್ನೆರಡು ಹಾಫ್ ಪ್ಯಾನ್‌ಗಳಿಗೆ ಜಾಗ. ನೀಲಿಗಳೆರಡೂ ತಳ ಕಾಣುವಷ್ಟು ಸವೆದಿವೆ. ಮೂಲೆಗಳಲ್ಲಿ ಮಾತ್ರ ಒಂದಿಷ್ಟು ಬಣ್ಣ ಅಂಟಿಕೊಂಡಿದೆ. ಬರ್ಂಟ್ ಸಿಯೆನಾದ ಮಧ್ಯೆ ಕುಂಚ ತಿರುಗಿಸಿದ ಗುಂಡಿ. ಯೆಲ್ಲೊ ಓಕರ್ ಅರ್ಧ ಖಾಲಿ. ನೇರಳೆಯ ಮೇಲೆ ತಯಾರಕರ ಮುದ್ರೆ ಇನ್ನೂ ಓದಲು ಬರುವಂತಿದೆ, ಅಂದರೆ ಅದಕ್ಕೆ ನೀರೇ ಮುಟ್ಟಿಲ್ಲ. ಹಸಿರಿಗೂ ಹೆಚ್ಚುಕಡಿಮೆ ಅದೇ ಗತಿ. ಮುಚ್ಚಳದ ಒಳಮೈಯಲ್ಲಿ, ಬಣ್ಣ ಕಲಸುವ ಜಾಗದಲ್ಲಿ, ಎನಾಮೆಲ್ಲಿನ ಬಿರುಕಿಗೆ ಇಳಿದ ನೀಲಿಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ಈ ಡಬ್ಬಿಯ ಯಜಮಾನ ಯಾರೋ ನನಗೆ ಗೊತ್ತಿಲ್ಲ. ಆದರೆ ಆತ ಅಥವಾ ಆಕೆ ಆಕಾಶ, ಮಣ್ಣು, ಮೋಡ ಬರೆದವರು, ಹಸಿರನ್ನು ತಾವೇ ಕಲಸಿಕೊಂಡವರು ಎಂದು ಧೈರ್ಯವಾಗಿ ಹೇಳಬಲ್ಲೆ. ಬಣ್ಣ ಬಲ್ಲವರ ಡಬ್ಬಿ ವರ್ಷ ಕಳೆದಂತೆ ಚಿಕ್ಕದಾಗುತ್ತದೆ, ಅಂಗಡಿಯ ಡಬ್ಬಿ ವರ್ಷ ಕಳೆದಂತೆ ದೊಡ್ಡದಾಗುತ್ತದೆ. ಇವತ್ತಿನ ನನ್ನ ಮಾತೆಲ್ಲ ಈ ಜಗಳದ ಸುತ್ತ.

ಚಿಕ್ಕ ಡಬ್ಬಿಗೆ ಬಹಳ ಹಳೆಯ ಸಾಕ್ಷಿಯಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಮೂರನೆಯ ಅಮೆನ್‌ಹೋಟೆಪ್ ಎಂಬ ಈಜಿಪ್ಟಿನ ದೊರೆಯ ಹೆಸರು ಕೆತ್ತಿದ ದಂತದ ಪ್ಯಾಲೆಟ್ ಒಂದಿದೆ. ಮೂರು ಸಾವಿರದ ಮುನ್ನೂರು ವರ್ಷ ದಾಟಿದ ವಸ್ತು. ಸಾಲಾಗಿ ಆರು ಗುಳಿ, ಗುಳಿಗಳಲ್ಲಿ ಇನ್ನೂ ಬಣ್ಣದ ಬಿಲ್ಲೆಗಳಿವೆ. ಚಕ್ರವರ್ತಿಯ ಹೆಸರಿನ ಪ್ಯಾಲೆಟ್ಟಿಗೂ ಆರೇ ಸಾಕಾಗಿತ್ತು. ನಮ್ಮ ಕಡೆಯ ಚಿಕಣಿ ಚಿತ್ರಕಾರರು ಕಪ್ಪೆಚಿಪ್ಪಿನಲ್ಲೋ ತೆಂಗಿನ ಚಿಪ್ಪಿನಲ್ಲೋ ಒಂದೊಂದು ಬಣ್ಣ ಅರೆದು ಗೋಂದು ಬೆರೆಸಿ ಇಟ್ಟುಕೊಳ್ಳುತ್ತಿದ್ದರು. ಅರೆಯುವವನು ತಾನೇ ಆದಾಗ, ಅಥವಾ ತನ್ನ ಮಗನೋ ಶಿಷ್ಯನೋ ಆದಾಗ, ಬೇಡದ ಬಣ್ಣವನ್ನು ಯಾರೂ ಅರೆಯುವುದಿಲ್ಲ.

ಬದಲಾದದ್ದು ಲಂಡನ್ನಿನಲ್ಲಿ. ರೀವ್ಸ್ ಸೋದರರು ನೀರು ತಾಗಿದರೆ ಕರಗುವ ಬಣ್ಣದ ಕೇಕ್ ಮಾಡಿದರು. 1781ರಲ್ಲಿ ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್ ಅದಕ್ಕಾಗಿ ಬೆಳ್ಳಿಯ ಪ್ಯಾಲೆಟ್ಟನ್ನೇ ಬಹುಮಾನವಾಗಿ ಕೊಟ್ಟಿತು. ಅಲ್ಲಿಂದ ಮುಂದೆ ಬಣ್ಣ ಅರೆಯುವ ಕಲ್ಲು ಚಿತ್ರಕಾರನ ಮನೆಯಿಂದ ಹೊರಬಿತ್ತು. 1832ರಲ್ಲಿ ವಿಲಿಯಂ ವಿನ್ಸರ್ ಮತ್ತು ಹೆನ್ರಿ ನ್ಯೂಟನ್ ಸೇರಿ ಅಂಗಡಿ ತೆರೆದರು. ಕೆಲವೇ ವರ್ಷಗಳಲ್ಲಿ ಗ್ಲಿಸರಿನ್ ಬೆರೆಸಿ, ಉಜ್ಜಿ ಉಜ್ಜಿ ಸುಸ್ತಾಗದೆ ಒದ್ದೆ ಕುಂಚಕ್ಕೆ ಕೂಡಲೇ ಬಿಟ್ಟುಕೊಳ್ಳುವ ಮೆತ್ತನೆಯ ಪ್ಯಾನ್ ಬಣ್ಣ ತಂದರು. 1841ರಲ್ಲಿ ಜಾನ್ ಗೋಫ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ಹಿಂಡುವ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದ. ಚಿತ್ರಕಾರ ಮನೆ ಬಿಟ್ಟು ಬಯಲಿಗೆ ಬಂದ, ಒಳ್ಳೆಯದೇ ಆಯಿತು. ಆದರೆ ಕ್ಯಾಟಲಾಗಿನ ಪುಟಗಳೂ ಅಂದಿನಿಂದ ಬೆಳೆಯುತ್ತಲೇ ಹೋದವು. ಅದೇ ಲಂಡನ್ನಿನಲ್ಲಿದ್ದ ಚಿತ್ರಕಾರ ಟರ್ನರ್ ಮಾತ್ರ ಪಂಚಾಂಗದ ಚರ್ಮದ ರಟ್ಟಿಗೆ ಬಣ್ಣದ ತುಂಡುಗಳನ್ನು ಅಂಟಿಸಿಕೊಂಡು ಮಡಚಿ ಜೇಬಿಗಿಟ್ಟುಕೊಂಡು ಊರೂರು ಅಲೆದ. ನನ್ನ ಸಂಗ್ರಹಕ್ಕೆ ಒಂದೇ ಒಂದು ವಸ್ತು ಕದಿಯಲು ಅಪ್ಪಣೆ ಸಿಕ್ಕರೆ ಆ ರಟ್ಟನ್ನೇ ಕದ್ದೇನು.

ಈಗ ಅಂಗಡಿಗೆ ಹೋಗೋಣ. ಇಪ್ಪತ್ತನಾಲ್ಕು, ನಲವತ್ತೆಂಟು ಬಣ್ಣದ ಸೆಟ್ಟುಗಳಿವೆ. ಒಂದೊಂದರ ಹೆಸರೂ ಕಾವ್ಯದಂತಿದೆ. ಹೆಸರಿಗೆ ಮರುಳಾಗಬೇಡಿ, ಟ್ಯೂಬನ್ನು ತಿರುಗಿಸಿ ಸಣ್ಣ ಅಕ್ಷರ ನೋಡಿ. ಪಿ.ಬಿ. 29 ಎಂದಿದ್ದರೆ ಅಲ್ಟ್ರಾಮರೀನ್. ಪಿ.ಬಿ. 15 ಎಂದರೆ ಥ್ಯಾಲೊ ನೀಲಿ, 27 ಎಂದರೆ ಪ್ರಷ್ಯನ್ ನೀಲಿ. ವೈ ಇದ್ದರೆ ಹಳದಿ, ಆರ್ ಇದ್ದರೆ ಕೆಂಪು, ವಿ ಇದ್ದರೆ ನೇರಳೆ. 1920ರ ದಶಕದಲ್ಲಿ ಮೊದಲು ಬಂದ ‘ಕಲರ್ ಇಂಡೆಕ್ಸ್’ ಎಂಬ ಕೋಶದ ವ್ಯವಸ್ಥೆ ಇದು. ಬಣ್ಣ ಹಾಕುವ ಕಾರ್ಖಾನೆಗಳಿಗಾಗಿ ಹುಟ್ಟಿ ನಮಗೂ ದಕ್ಕಿದೆ. ಒಂದೇ ಸಂಖ್ಯೆಯಿದ್ದರೆ ಒಂಟಿ ಪುಡಿಯ ಬಣ್ಣ. ಮೂರು ಸಂಖ್ಯೆಗಳಿದ್ದರೆ ಕಾರ್ಖಾನೆಯಲ್ಲಿ ಯಾರೋ ನಿಮಗೆ ಮುಂಚೆಯೇ ಕಲಸಿ ಕೊಟ್ಟಿದ್ದಾರೆ ಎಂದರ್ಥ. ಕ್ಯಾಡ್ಮಿಯಮ್ ರೆಡ್ ಎಂಬುದರ ಮುಂದೆ ‘ಹ್ಯೂ’ ಎಂದು ಬರೆದಿದ್ದರೆ ಅದರೊಳಗೆ ಕ್ಯಾಡ್ಮಿಯಮ್ ಇಲ್ಲ; ಬಣ್ಣ ಅದರಂತೆ ಕಾಣುತ್ತದೆ, ಅಷ್ಟೆ. ಅಗ್ಗವಾದ್ದರಿಂದ ತಪ್ಪೇನಿಲ್ಲ, ಗೊತ್ತಿದ್ದು ಕೊಳ್ಳಬೇಕು.

ಹಸಿರಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ನಾಡಿನಲ್ಲಿ ಕೂತು ಬರೆಯುವವರಿಗೆ ಪ್ರಾಣ ಹಿಂಡುವ ಬಣ್ಣ ಅದು. ನೀಲಿಗೆ ಹಳದಿ ಸೇರಿದರೆ ಹಸಿರು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಯಾವ ನೀಲಿ, ಯಾವ ಹಳದಿ ಎಂದು ಯಾರೂ ಹೇಳಲಿಲ್ಲ. ಬಣ್ಣದ ಪುಡಿ ಬೆಳಕಿನ ಒಂದು ಭಾಗವನ್ನು ನುಂಗಿ ಉಳಿದದ್ದನ್ನು ನಮಗೆ ಹಿಂದಿರುಗಿಸುತ್ತದೆ. ಎರಡು ಪುಡಿ ಬೆರೆತಾಗ ಎರಡೂ ನುಂಗದೆ ಬಿಟ್ಟದ್ದು ಮಾತ್ರ ಕಣ್ಣಿಗೆ ಬರುತ್ತದೆ. ಅಲ್ಟ್ರಾಮರೀನ್ ನೀಲಿಯ ಜೊತೆ ಒಂದಿಷ್ಟು ನೇರಳೆಯನ್ನು ಬಿಡುತ್ತದೆ, ಹಸಿರನ್ನು ಬಹುಪಾಲು ನುಂಗುತ್ತದೆ. ಕಿತ್ತಳೆಯ ಕಡೆಗೆ ವಾಲಿದ ಹಳದಿಯನ್ನು ಅದಕ್ಕೆ ಸೇರಿಸಿ ನೋಡಿ. ಇಗೋ, ಇಲ್ಲೇ ಕಲಸುತ್ತಿದ್ದೇನೆ, ಮುಂದಿನ ಸಾಲಿನವರಿಗೆ ಕಾಣುತ್ತದೆ: ಮಂಕಾದ, ಕಂದು ಬೆರೆತ ಹಸಿರು. ಈಗ ಪ್ರಷ್ಯನ್ ನೀಲಿಗೆ ನಿಂಬೆಹಳದಿ. ಎರಡೂ ಹಸಿರು ಬೆಳಕನ್ನು ಧಾರಾಳವಾಗಿ ಬಿಡುವ ಜಾತಿ. ಗದ್ದೆಯ ಅಗೆಮಡಿಯ ಹಸಿರು ಬಂದೇಬಿಟ್ಟಿತು.

ಮೊದಲನೆಯದು ಕೆಟ್ಟ ಹಸಿರು, ಎರಡನೆಯದು ಒಳ್ಳೆಯದು ಎಂದುಕೊಳ್ಳಬೇಡಿ. ಬಲಿತ ಹಲಸಿನ ಎಲೆಗೆ, ಮಧ್ಯಾಹ್ನದ ಮಾವಿನ ಮರದ ಒಳನೆರಳಿಗೆ ಆ ಮಂಕು ಹಸಿರೇ ಬೇಕು. ಅಗೆಮಡಿಯ ಹಸಿರನ್ನು ಅಲ್ಲಿ ಹಚ್ಚಿದರೆ ಮರ ಪ್ಲಾಸ್ಟಿಕ್ಕಿನದಾಗುತ್ತದೆ. ಎರಡು ನೀಲಿ, ಎರಡು ಹಳದಿ, ಮಂಕು ಮಾಡಲು ಒಂದಿಷ್ಟು ಬರ್ಂಟ್ ಸಿಯೆನಾ: ಇವುಗಳ ನಡುವೆ ಅಡಿಕೆತೋಟದ ಹಸಿರು, ಹೊಂಗೆಯ ಚಿಗುರು, ಬೇಲಿಯ ಕಳ್ಳಿ ಎಲ್ಲ ಇವೆ. ಹಾಗಿದ್ದೂ ಅಂಗಡಿಯ ಹಸಿರುಗಳು ಖರ್ಚಾಗುತ್ತಲೇ ಇರುತ್ತವೆ. ಹೂಕರ್ಸ್ ಗ್ರೀನ್ ಎಂಬ ಟ್ಯೂಬ್ ನೀವೆಲ್ಲ ಕಂಡಿದ್ದೀರಿ. ವಿಲಿಯಂ ಹೂಕರ್ ಎಂಬ ಸಸ್ಯಚಿತ್ರಕಾರ ಎಲೆಗಳಿಗಾಗಿ ಪ್ರಷ್ಯನ್ ನೀಲಿಗೆ ಗ್ಯಾಂಬೋಜ್ ಹಳದಿ ಬೆರೆಸಿ ಮಾಡಿಕೊಂಡ ಮಿಶ್ರಣ ಅದು. ಇವತ್ತು ಅದೇ ಹೆಸರಿನ ಟ್ಯೂಬಿನಲ್ಲಿ ಒಂದೊಂದು ಕಂಪನಿ ಒಂದೊಂದು ಪುಡಿ ತುಂಬುತ್ತದೆ. ಅಂಗಡಿಯ ಸಾರಿನ ಪುಡಿಯ ಹಾಗೆ: ಅವಸರಕ್ಕೆ ಆಗುತ್ತದೆ, ದಿನಾ ಅದನ್ನೇ ಹಾಕಿದರೆ ಎಲ್ಲ ಮನೆಯ ಸಾರೂ ಒಂದೇ ರುಚಿ.

ಗಿಡದ ಹಸಿರನ್ನು ಸರಿಯಾಗಿ ಹಿಡಿಯಬೇಕೆಂಬ ಹಟ ಸಸ್ಯವಿಜ್ಞಾನಿಗಳಿಗೆ ಚಿತ್ರಕಾರರಿಗಿಂತ ಹೆಚ್ಚಿತ್ತು. 1801ರಲ್ಲಿ ಹೊರಟು ಆಸ್ಟ್ರೇಲಿಯಾದ ಕರಾವಳಿ ಸುತ್ತಿದ ಇನ್ವೆಸ್ಟಿಗೇಟರ್ ಹಡಗಿನಲ್ಲಿ ಫರ್ಡಿನೆಂಡ್ ಬಾವರ್ ಎಂಬ ಚಿತ್ರಕಾರನಿದ್ದ. ಹೂ ಬಾಡುವ ಮುಂಚೆ ಬಣ್ಣ ಹಚ್ಚಲು ಹೊತ್ತು ಸಾಲದೆ ಪೆನ್ಸಿಲ್ ಗೆರೆಯ ಮೇಲೆ ಬರೀ ಅಂಕಿ ಬರೆದುಕೊಂಡ. ಅವನ ಲೆಕ್ಕದಲ್ಲಿ ಸುಮಾರು ಸಾವಿರ ಬಣ್ಣಗಳಿಗೆ ಸಂಖ್ಯೆಯಿತ್ತು; ವರ್ಷಗಳ ಮೇಲೆ ಯೂರೋಪಿನಲ್ಲಿ ಕೂತು ಆ ಅಂಕಿಗಳನ್ನು ಮತ್ತೆ ಎಲೆ, ದಳ ಮಾಡಿದ. ಸಾವಿರ ಬಣ್ಣ ಅವನ ತಲೆಯಲ್ಲಿದ್ದವು, ಡಬ್ಬಿಯಲ್ಲಿ ಅಲ್ಲ. ನಮ್ಮ ನೆಲದ ಉದಾಹರಣೆ ಶಿವಮೊಗ್ಗದ್ದು. 1840ರ ದಶಕದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಅಲ್ಲಿದ್ದಾಗ ದಿನಕ್ಕೊಂದು ಗಿಡ ಆರಿಸಿ ಸ್ಥಳೀಯ ಚಿತ್ರಕಾರನೊಬ್ಬನಿಂದ ಬರೆಸುತ್ತಿದ್ದ. ಆ ಸಂಗ್ರಹ ಈಗ ಎಡಿನ್‌ಬರೊ ಸಸ್ಯೋದ್ಯಾನದಲ್ಲಿದೆ. ಮುಂದೆ ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮೆರಾನ್ ಮೇಲ್ವಿಚಾರಕರಾಗಿದ್ದಾಗ ಚೆಲುವಯ್ಯ ರಾಜು ಅವರು ತೋಟದ ಗಿಡಗಳನ್ನು ಜಲವರ್ಣದಲ್ಲಿ ಬರೆದರು. ನಮ್ಮ ಕಲಾಚರಿತ್ರೆಯ ಪುಸ್ತಕಗಳು ಇಂಥವರಿಗೆ ಒಂದು ಪ್ಯಾರಾ ಕೊಡಲೂ ಜಿಪುಣತನ ಮಾಡಿವೆ.

ಇನ್ನು ಬೂದು. ಮಳೆಗಾಲದ ಮೋಡಕ್ಕೆ ಕಪ್ಪು ತೆಗೆದು ನೀರು ಬೆರೆಸುವುದು ಎಲ್ಲರ ಮೊದಲ ಕೈಚಳಕ, ಮೋಡ ಹೊಗೆಯಾಗುತ್ತದೆ. ಅಲ್ಟ್ರಾಮರೀನಿಗೆ ಬರ್ಂಟ್ ಸಿಯೆನಾ ಸೇರಿಸಿ. ಒಂದು ನೀಲಿ, ಇನ್ನೊಂದು ಸುಟ್ಟ ಮಣ್ಣಿನ ಕಿತ್ತಳೆಗಂದು. ಪರಸ್ಪರ ಹೊಡೆದಾಡಿ ಬೂದಿಗೆ ಇಳಿಯುತ್ತವೆ. ನೀಲಿ ಒಂದು ಚೂರು ಹೆಚ್ಚಾದರೆ ಮಳೆ ಬರುವ ಮೋಡ, ಸಿಯೆನಾ ಹೆಚ್ಚಾದರೆ ಒದ್ದೆ ಕಲ್ಲು. ಒರಟು ಕಾಗದದ ಮೇಲೆ ಇದರ ಆಟ ಇನ್ನೂ ಚೆನ್ನ: ಅಲ್ಟ್ರಾಮರೀನಿನ ಕಣಗಳು ಕಾಗದದ ತಗ್ಗುಗಳಿಗೆ ಇಳಿದು ಕೂರುತ್ತವೆ, ಕಂದು ಬೇರೆ ಕಡೆ ಹರಡುತ್ತದೆ, ಒಣಗಿದ ಮೇಲೆ ಒಂದು ಬೂದಿನೊಳಗೆ ಎರಡು ಬಣ್ಣ ಕಾಣುತ್ತವೆ. ಈ ಕೆಲಸವನ್ನು ಕುಂಚ ಮಾಡಲಾರದು, ತೂಕ ಮಾಡುತ್ತದೆ. ಬೂದಿನ ಟ್ಯೂಬ್ ಕೊಂಡವರು ಇದನ್ನು ಕಳೆದುಕೊಳ್ಳುತ್ತಾರೆ.

ಬೆಟ್ಟದ ಮಂಜು, ದೂರದ ನೀಲಿಬೂದು ಎಂದಾಗ ಕೆ. ವೆಂಕಟಪ್ಪನವರ ಹೆಸರು ಬಂದೇ ಬರಬೇಕು. ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರು. ಅಲ್ಲಿನ ವಾಶ್ ಪದ್ಧತಿಯಲ್ಲಿ ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಹಚ್ಚಿ, ಮತ್ತೆ ಅದ್ದುತ್ತಾರೆ. ನೀರಿಗೆ ಬಿಟ್ಟುಕೊಡದ ಬಣ್ಣ ಮಾತ್ರ ಉಳಿಯುತ್ತದೆ. ಆ ತಾಳ್ಮೆಯನ್ನು ಅವರು ಊಟಿ, ಕೊಡೈಕೆನಾಲಿನ ದೃಶ್ಯಗಳಿಗೆ ತಂದರು. ಬೆಂಗಳೂರಿನ ಅವರ ಹೆಸರಿನ ಗ್ಯಾಲರಿಗೆ ಹೋದಾಗ ಒಂದು ಕೆಲಸ ಮಾಡಿ: ಚಿತ್ರದ ಹತ್ತಿರ ನಿಂತು ಎಷ್ಟು ಬಗೆಯ ಪುಡಿ ಬಳಸಿರಬಹುದು ಎಂದು ಎಣಿಸಲು ನೋಡಿ. ನಿಮ್ಮ ಅಂದಾಜು ಒಂದು ಕೈಯ ಬೆರಳನ್ನು ದಾಟಿದರೆ ಇನ್ನೊಮ್ಮೆ ಎಣಿಸಿ.

ಸಂಗ್ರಹಕಾರನಿಗೆ ಬೇರೆ ಒಂದು ಕಾಯಿಲೆಯಿದೆ, ಮಾಯವಾದ ಬಣ್ಣಗಳ ಮೋಹ. ಇಂಡಿಯನ್ ಯೆಲ್ಲೊ ಅಂಥದು. ಅದು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ತ್ರೈಲೋಕ್ಯನಾಥ ಮುಖರ್ಜಿ ಎಂಬ ಅಧಿಕಾರಿ ಬಿಹಾರದ ಮುಂಗೇರಿನ ಹತ್ತಿರದ ಹಳ್ಳಿಗೆ ಹೋಗಿ ಬಂದು 1883ರಲ್ಲಿ ವರದಿ ಬರೆದರು: ಗೌಳಿಗರು ಹಸುಗಳಿಗೆ ಮಾವಿನ ಸೊಪ್ಪು ತಿನ್ನಿಸಿ, ಗಂಜಲ ಹಿಡಿದು ಕಾಯಿಸಿ, ತಳದಲ್ಲಿ ಕೂತದ್ದನ್ನು ಉಂಡೆ ಕಟ್ಟುತ್ತಾರೆ. ಕಟ್ಟುಕಥೆ ಎಂದು ಬಹಳ ಕಾಲ ನಕ್ಕವರಿದ್ದರು. ಇತ್ತೀಚಿನ ರಾಸಾಯನಿಕ ಪರೀಕ್ಷೆ ಮುಖರ್ಜಿಯವರ ಮಾತಿಗೇ ಬೆಂಬಲ ಕೊಟ್ಟಿದೆ. ಈಗ ಆ ಹೆಸರಿನಲ್ಲಿ ಸಿಗುವುದು ಬೇರೆ ಪುಡಿ, ಹಸುವಿಗೂ ಅದಕ್ಕೂ ಸಂಬಂಧವಿಲ್ಲ. ಗ್ಯಾಂಬೋಜ್ ಇನ್ನೊಂದು. ಮರದ ತೊಗಟೆಗೆ ಗಾಯ ಮಾಡಿದರೆ ಒಸರುವ ಹಳದಿ ರಾಳ. ಕಾಂಬೋಡಿಯದ ಮರದಿಂದ ಪ್ರಸಿದ್ಧಿಯಾದರೂ ಅದರ ಬಂಧುವೊಂದು ನಮ್ಮ ಪಶ್ಚಿಮಘಟ್ಟದಲ್ಲೇ ಬೆಳೆಯುತ್ತದೆ, ಮುರುಗಲು, ಉಪ್ಪಾಗೆಗಳ ಕುಲದ್ದು. ಫ್ರಾನ್ಸಿನ ಜ್ಯಾಂ ಪೆರ‍್ಯಾಂ 1908ರ ಹೊತ್ತಿಗೆ ಇದೇ ಗ್ಯಾಂಬೋಜಿನ ಸಣ್ಣ ಕಣಗಳು ನೀರಿನಲ್ಲಿ ತುಯ್ದಾಡುವುದನ್ನು ಅಳೆದು ಅಣುಗಳು ನಿಜ ಎಂದು ತೋರಿಸಿದರು, 1926ರಲ್ಲಿ ನೊಬೆಲ್ ಪಡೆದರು. ಚಿತ್ರಕಾರನ ಡಬ್ಬಿಯ ಬಣ್ಣವೊಂದು ಭೌತವಿಜ್ಞಾನಕ್ಕೆ ಇಷ್ಟು ಉಪಕಾರ ಮಾಡಿದ್ದು ನನಗಂತೂ ಹೆಮ್ಮೆ. ಆದರೆ ಬಿಸಿಲಿಗೆ ಅದು ನಿಲ್ಲುವುದಿಲ್ಲ.

ನಿಲ್ಲದಿರುವುದು ಜಲವರ್ಣದ ಹಳೇ ಶಾಪ. ತೆಳುವಾಗಿ ಹಚ್ಚುವುದರಿಂದ ಬೆಳಕು ಪುಡಿಯನ್ನು ನೇರವಾಗಿ ತಟ್ಟುತ್ತದೆ. 1888ರಲ್ಲಿ ರಸೆಲ್ ಮತ್ತು ಏಬ್ನಿ ಎಂಬಿಬ್ಬರು ವಿಜ್ಞಾನಿಗಳು ಬ್ರಿಟಿಷ್ ಸರ್ಕಾರಕ್ಕೆ ಸಲ್ಲಿಸಿದ ವರದಿ, ಯಾವ ಬಣ್ಣ ಬೆಳಕಿಗೆ ಎಷ್ಟು ಸೋಲುತ್ತದೆ ಎಂದು ಲೆಕ್ಕ ಕೊಟ್ಟಿತು. ಆಗ ಸೋತ ಬಣ್ಣಗಳಲ್ಲಿ ಕೆಲವು ಇಂದೂ ಅಂಗಡಿಯಲ್ಲಿವೆ. ಪಿ.ಆರ್. 83, ಅಂದರೆ ಅಲಿಜರಿನ್ ಕ್ರಿಮ್ಸನ್, ತೆಳುವಾಗಿ ಹಚ್ಚಿದರೆ ಮಾಸುತ್ತದೆ. ಅದರ ಬದಲು 1958ರಿಂದ ಮಾರುಕಟ್ಟೆಯಲ್ಲಿರುವ ಕ್ವಿನಾಕ್ರಿಡೋನ್ ಜಾತಿಯ ಪಿ.ವಿ. 19 ಕೊಳ್ಳಿ. ಕಣ್ಣು ಕುಕ್ಕುವ ಹೊಳೆಯುವ ಗುಲಾಬಿಗಳನ್ನಂತೂ ಗ್ರೀಟಿಂಗ್ ಕಾರ್ಡಿಗೆ ಮಾತ್ರ ಬಳಸಿ. ನನ್ನ ಮಾತು ನಂಬಬೇಕಾಗಿಲ್ಲ. ಕಾಗದದ ಪಟ್ಟಿಯ ಮೇಲೆ ನಿಮ್ಮ ಬಣ್ಣಗಳನ್ನೆಲ್ಲ ಸಾಲಾಗಿ ಹಚ್ಚಿ, ಅರ್ಧಕ್ಕೆ ದಪ್ಪ ರಟ್ಟು ಕಟ್ಟಿ, ಪಡುವಣ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿ ಬೇಸಿಗೆ ಕಳೆಯಲು ಬಿಡಿ. ಮುಂಗಾರು ಬಂದ ಮೇಲೆ ರಟ್ಟು ಬಿಚ್ಚಿ. ಅದಕ್ಕಿಂತ ನಿಷ್ಠುರವಾದ ವಿಮರ್ಶಕ ಸಿಗಲಾರ.

ಡಬ್ಬಿಯ ಬಗ್ಗೆ ಎರಡು ಮಾತು. ಕಲಸುವ ಜಾಗ ಬಿಳಿಯಿರಬೇಕು, ಏಕೆಂದರೆ ಬಣ್ಣ ಕೊನೆಗೆ ಕೂರುವುದು ಬಿಳಿ ಕಾಗದದ ಮೇಲೆ. ಪಿಂಗಾಣಿ ಎಲ್ಲಕ್ಕಿಂತ ಚೆನ್ನ; ಬಣ್ಣದ ನೀರು ಅದರ ಮೇಲೆ ಹರಡಿ ನಿಲ್ಲುತ್ತದೆ. ಹೊಸ ಪ್ಲಾಸ್ಟಿಕ್ಕಿನ ಮೇಲೆ ಹನಿ ಹನಿಯಾಗಿ ಓಡುತ್ತದೆ. ಒಂದಿಷ್ಟು ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಆ ಜಿಡ್ಡುತನ ಹೋಗುತ್ತದೆ. ಮಂಗಳೂರಿನ ಆಷಾಢದಲ್ಲಿ ಮುಚ್ಚಿಟ್ಟ ಡಬ್ಬಿಗೆ ಬೂಷ್ಟು ಬರುತ್ತದೆ, ಜೇನು ಬೆರೆಸಿದ ಬಣ್ಣವಾದರೆ ಇನ್ನೂ ಬೇಗ. ಪೂರ್ತಿ ಆರಿದ ಮೇಲೆಯೇ ಮುಚ್ಚಬೇಕು, ಪ್ಯಾನ್ ತುಂಬುವಾಗ ಲವಂಗದೆಣ್ಣೆ ಒಂದು ಹನಿ ಬೆರೆಸಿದರೆ ಒಳ್ಳೆಯದು. ಧಾರವಾಡದ ಏಪ್ರಿಲ್ಲಿನಲ್ಲಿ ತೊಂದರೆ ತದ್ವಿರುದ್ಧ: ವಾಶಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವಷ್ಟರಲ್ಲಿ ಹಿಂದಿನದು ಒಣಗಿ ಗೆರೆ ಬೀಳುತ್ತದೆ. ಕಾಗದದ ಹಿಂಬದಿಯನ್ನೂ ಒದ್ದೆ ಮಾಡಿ ಕೂರಿಸಿಕೊಳ್ಳಬೇಕು. ಇಂಗ್ಲೆಂಡಿನ ಪುಸ್ತಕಗಳಲ್ಲಿ ಈ ಮಾತು ಸಿಗದಿರುವುದು ಸಹಜ.

ದತ್ತಿ ಇಟ್ಟ ಕುಟುಂಬದವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಶಾಲೆಯ ಮಗುವಿಗೆ ಏನು ಕೊಡಿಸಬೇಕು? ನಮ್ಮ ತಲೆಮಾರಿಗೆ ಜಲವರ್ಣ ಎಂದರೆ ಕ್ಯಾಮೆಲ್ ಡಬ್ಬಿ. 1931ರಲ್ಲಿ ಮುಂಬಯಿಯಲ್ಲಿ ದಾಂಡೇಕರ್ ಅವರು ಶುರು ಮಾಡಿದ ಕಂಪನಿ ಹಳ್ಳಿಯ ಪುಸ್ತಕದಂಗಡಿಗೂ ಬಣ್ಣ ಮುಟ್ಟಿಸಿತು, ಆ ಋಣ ದೊಡ್ಡದು. ಈಗ ನಾನು ಕೊಡುವ ಸಲಹೆ ಬಿಡಿ ಟ್ಯೂಬುಗಳದ್ದು. ನಿಂಬೆಹಳದಿ, ಕಿತ್ತಳೆಯ ಕಡೆ ವಾಲಿದ ಒಂದು ಹಳದಿ, ಪಿ.ವಿ. 19ರ ಗುಲಾಬಿ, ಬರ್ಂಟ್ ಸಿಯೆನಾ, ಅಲ್ಟ್ರಾಮರೀನ್, ಥ್ಯಾಲೊ ಅಥವಾ ಪ್ರಷ್ಯನ್ ನೀಲಿ. ಪ್ಯಾಲೆಟ್ ಇಲ್ಲದಿದ್ದರೆ ಅಡುಗೆಮನೆಯ ಬಿಳಿ ಪಿಂಗಾಣಿ ತಟ್ಟೆ ಸಾಕು. ಹಸಿರು ಬೇಡ, ಕಪ್ಪು ಬೇಡ, ಬಿಳಿಯೂ ಬೇಡ, ಬಿಳಿಯನ್ನು ಕಾಗದ ಕೊಡುತ್ತದೆ. ಮಗು ಮೊದಲ ವಾರ ಕೆಸರು ಮಾಡುತ್ತದೆ. ಬೈಯದೆ, ಯಾವ ಮೂರು ಬಣ್ಣ ಬೆರೆತು ಕೆಸರಾಯಿತು ಎಂದು ಅದರ ಪಕ್ಕದಲ್ಲೇ ಬರೆದಿಡಲು ಹೇಳಿ.

ಈ ಆರರಿಂದ ಬಾರದ ಬಣ್ಣವೂ ಇದೆ, ಮುಚ್ಚಿಡುವುದಿಲ್ಲ. ಬೇಸಿಗೆಯ ಗುಲ್‌ಮೊಹರ್ ಬಾರದು. ಹಳದಿಗೆ ಗುಲಾಬಿ ಸೇರಿಸಿದರೆ ಹತ್ತಿರ ಹೋಗಬಹುದು, ಆ ಉರಿ ಹತ್ತುವುದಿಲ್ಲ. ಬೆಂಗಳೂರಿನ ಹೂಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯನವರ ಚಿತ್ರ ನೋಡಿದವರಿಗೆ ನಾನು ಹೇಳುವ ಕೆಂಪು ಯಾವುದೆಂದು ಗೊತ್ತು. ಅದಕ್ಕಾಗಿ ಒಂದು ಬಿಸಿ ಕೆಂಪಿನ ಟ್ಯೂಬನ್ನು ಧಾರಾಳವಾಗಿ ಕೊಳ್ಳಿ. ಡಬ್ಬಿಗೆ ಏಳನೆಯ ಬಣ್ಣ ಸೇರುವುದಾದರೆ ಹೀಗೆ ಕಿಟಕಿಯಾಚೆಯ ಮರವೊಂದು ಕೇಳಿ ಸೇರಬೇಕು, ಕ್ಯಾಟಲಾಗ್ ಹೇಳಿತೆಂದಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅವರ ಭಾಷಣ ಮುಗಿದ ಮೇಲೆ ಮೇಜಿನ ಹತ್ತಿರ ಬನ್ನಿ, ಡಬ್ಬಿಗಳನ್ನು ಕೈಗೆ ತೆಗೆದುಕೊಂಡು ನೋಡಿ, ಬೇಕಾದರೆ ಕುಂಚ ಒದ್ದೆ ಮಾಡಿ ಕಲಸಿಯೂ ನೋಡಿ. ನೀರು, ಕಾಗದ ಇಟ್ಟಿದ್ದೇನೆ. ಎಡತುದಿಯ ಮರದ ಪೆಟ್ಟಿಗೆಯನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿರುವ ಕಂಗೊಳಿಸುವ ಹಸಿರು ಬಿಲ್ಲೆ ಎಮರಾಲ್ಡ್ ಗ್ರೀನ್. 1814ರಲ್ಲಿ ಜರ್ಮನಿಯ ಶ್ವೈನ್‌ಫರ್ಟಿನಲ್ಲಿ ತಯಾರಾಗತೊಡಗಿದ, ತಾಮ್ರ ಮತ್ತು ಆರ್ಸೆನಿಕ್ ಸೇರಿದ ಪುಡಿ. ಇಪ್ಪತ್ತನೆಯ ಶತಮಾನದಲ್ಲೂ ಮಾರುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ಬಾಯಲ್ಲಿ ಸವರುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗಿದೆ, ನಾನು ಮುಂದಿನ ಸಾಲಿನಲ್ಲೇ ನೋಡಿದೆ.